ಫಲಿತಾಂಶಕ್ಕೊಂದು ಜಿಲ್ಲೆ, ಪ್ರಾಣಕ್ಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕೂ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಇವು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಹೆಸರು ಬೇರೆಯಾಗಿಯೇ ಅಚ್ಚಾಗುತ್ತದೆ. ದೂರದ ಶಾಲೆಗಳನ್ನು ಹತ್ತಿರದಿಂದ ನೋಡಿಕೊಳ್ಳಲು ಇದು ಅಗತ್ಯವೇ. ಆದರೆ ಇದೇ ವಿವೇಕ ಆಸ್ಪತ್ರೆಯ ಬಾಗಿಲಲ್ಲಿ ಏಕೆ ಮಾಯವಾಗುತ್ತದೆ? ಜಿಲ್ಲಾ ಆಸ್ಪತ್ರೆ ಇರುವುದು ತುಮಕೂರಿನಲ್ಲಿ. ಪಾವಗಡದಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರು.

1990ರ ದಶಕದ ಮಾತು. ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದವನನ್ನು ನಿಲ್ಲಿಸಿ ಗದರಿಸಿದೆ. "ಅಕ್ಕನ ಮಗು ಉಳೀಲಿಲ್ಲ ಸಾರ್" ಎಂದು ತಲೆ ತಗ್ಗಿಸಿದ. ಹೆರಿಗೆ ಕಷ್ಟವಾದಾಗ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದರಂತೆ. ಅಲ್ಲಿ ಅರಿವಳಿಕೆ ತಜ್ಞರಿರಲಿಲ್ಲ. ಚೀಟಿ ಬರೆದು ತುಮಕೂರಿಗೆ ಕಳುಹಿಸಿದರು. ಬಾಡಿಗೆ ಜೀಪು ಸಿಗುವಷ್ಟರಲ್ಲಿ ನಡುರಾತ್ರಿಯಾಗಿತ್ತು. ತಾಯಿ ಬದುಕಿದಳು, ಕೂಸು ಹೋಯಿತು.

2008ರಲ್ಲಿ 108 ಆಂಬುಲೆನ್ಸ್ ಬಂದಿತು. ಜೀಪು ಹುಡುಕುವ ಪಾಡು ಎಷ್ಟೋ ತಪ್ಪಿತು. ಆದರೆ ಆಂಬುಲೆನ್ಸ್ ಓಡಬಲ್ಲದು, ಶಸ್ತ್ರಚಿಕಿತ್ಸೆ ಮಾಡಲಾರದು. ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ಎರಡು ಗಂಟೆಯೊಳಗೇ ತಾಯಿಯ ಜೀವ ತೆಗೆಯಬಲ್ಲದು. ಪಾವಗಡದ ಗಡಿಹಳ್ಳಿಯಿಂದ ತುಮಕೂರು ಆ ಅವಧಿಯೊಳಗೆ ಬಂದು ನಿಲ್ಲುವುದಿಲ್ಲ.

"ಇಂಥ ಊರಿಗೆ ತಜ್ಞ ವೈದ್ಯರು ಬರುವುದಿಲ್ಲ" ಎಂಬುದು ಸಿದ್ಧ ಉತ್ತರ. ನಾವು ಮೇಷ್ಟ್ರುಗಳು ಬರಲಿಲ್ಲವೇ? ನಮ್ಮ ವರ್ಗಾವಣೆಗೆ ವಲಯಗಳೂ ನಿಯಮಗಳೂ ಇದ್ದವು. ವೈದ್ಯರಿಗೂ ಕಡ್ಡಾಯ ಸೇವೆಯ ಕಾಯ್ದೆ 2012ರಲ್ಲಿ ಆಯಿತು. ಆದರೆ ಒಂದು ವರ್ಷ ಇದ್ದು ಹೊರಡುವ ಯುವ ವೈದ್ಯರಿಂದ ಆಸ್ಪತ್ರೆ ಬೇರೂರುವುದಿಲ್ಲ. ಪಾವಗಡದಲ್ಲೇ ಸ್ವಾಮಿ ಜಪಾನಂದರ ವಿವೇಕಾನಂದ ಗ್ರಾಮೀಣ ಆರೋಗ್ಯ ಕೇಂದ್ರವು ಕುಷ್ಠ, ಕ್ಷಯ, ಕಣ್ಣಿನ ರೋಗಿಗಳಿಗೆ ದಶಕಗಳಿಂದ ಚಿಕಿತ್ಸೆ ನೀಡುತ್ತಿದೆ. ಎರಡು ಸಾವಿರ ಮೆಗಾವಾಟ್ ಸೌರವಿದ್ಯುತ್ತಿಗೆ ಇದೇ ತಾಲ್ಲೂಕು ಯೋಗ್ಯವೆನಿಸಿತು. ಬಿಸಿಲನ್ನು ಅರಸಿ ಬಂಡವಾಳ ಬರುವುದಾದರೆ, ಸರ್ಕಾರ ಮನಸ್ಸು ಮಾಡಿದರೆ ವೈದ್ಯರು ಬರಲಾರರೇ?

ಪ್ರಸೂತಿ, ಮಕ್ಕಳ, ಅರಿವಳಿಕೆ ಈ ಮೂವರು ತಜ್ಞರು ಹಗಲಿರುಳು ಲಭ್ಯರಿರಬೇಕು. ರಕ್ತ ಶೇಖರಣಾ ಘಟಕ ಕೆಲಸ ಮಾಡುತ್ತಿರಬೇಕು. ದೂರದ ತಾಲ್ಲೂಕಿನಲ್ಲಿ ನಿಲ್ಲುವ ವೈದ್ಯರಿಗೆ ವಾಸಯೋಗ್ಯ ವಸತಿಗೃಹ, ಹೆಚ್ಚಿನ ಭತ್ಯೆ ಕೊಡಲಿ. ಅದು ದಾನವಲ್ಲ, ನ್ಯಾಯ. ಇನ್ನೊಂದು, ಖರ್ಚಿಲ್ಲದ ಕೆಲಸ: ಈ ತಿಂಗಳು ಎಷ್ಟು ಮಂದಿಯನ್ನು ಬೇರೆಡೆಗೆ ಕಳುಹಿಸಲಾಯಿತು, ಏಕೆ ಎಂಬುದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಮುಂದೆ ಹಲಗೆಯ ಮೇಲೆ ಬರೆಯಲಿ. ಫಲಿತಾಂಶ ಕುಸಿದರೆ ಮುಖ್ಯೋಪಾಧ್ಯಾಯರಿಗೆ ನೋಟಿಸು ಬರುತ್ತದೆ. ಚೀಟಿಗಳು ಹೆಚ್ಚಾದರೆ ಯಾರಿಗೆ ಬರುತ್ತದೆ?

ಆ ಹುಡುಗನ ಗೈರುಹಾಜರಿಗೆ ಅಂದು ನಾನು ಕಾರಣ ಕೇಳಿದ್ದೆ. ಇಂದಿಗೂ ಅದಕ್ಕೆ ನಾಚುತ್ತೇನೆ. ಆ ರಾತ್ರಿ ಆಸ್ಪತ್ರೆಯಲ್ಲಿ ಇಲ್ಲದ ತಜ್ಞರ ಗೈರುಹಾಜರಿಗೆ ಕಾರಣ ಕೇಳಿದವರು ಯಾರೂ ಇರಲಿಲ್ಲ.