ಬೆನ್ನಿನ ನೀರಿನ ವರದಿ: ಒಂದೇ ಅಂಕಿ ನೋಡಿ ನಿರಾಳರಾಗಬೇಡಿ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಕುಟುಂಬಗಳಲ್ಲಿ ಯಾರಿಗಾದರೂ ಬಿಡದ ಜ್ವರ, ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಬೀದರಿಗೋ ಹೈದರಾಬಾದಿಗೋ ಕರೆದೊಯ್ಯುತ್ತೇವೆ. ಅಲ್ಲಿ ವೈದ್ಯರು 'ಬೆನ್ನಿನಿಂದ ನೀರು ತೆಗೆಯಬೇಕು' ಎಂದೊಡನೆ ಹಿರಿಯರು ಹೌಹಾರುತ್ತಾರೆ. ಕಾಲು ಬಿದ್ದುಹೋದೀತೆಂಬ ಭಯ. ಆದರೆ ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ನಮ್ಮ ದೇಹದಲ್ಲಿ ಈ ನೀರು ಸುಮಾರು 150 ಮಿ.ಲೀ. ಇದ್ದು, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಉತ್ಪತ್ತಿಯಾಗುತ್ತದೆ. ತೆಗೆಯುವುದು ಕೆಲವು ಚಮಚ ಮಾತ್ರ. ಕೆಲವರಿಗೆ ನಂತರ ಒಂದೆರಡು ದಿನ ತಲೆನೋವು ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ಹೇಳಬೇಕು.

ಇನ್ನು ವರದಿ. ಆರೋಗ್ಯವಂತರ ನೀರು ಶುದ್ಧ ಬಾವಿನೀರಿನಂತೆ ತಿಳಿಯಾಗಿರುತ್ತದೆ. ಬಿಳಿ ಕಣಗಳು 5ರೊಳಗೆ, ಪ್ರೋಟೀನು ಸುಮಾರು 15ರಿಂದ 45 ಮಿ.ಗ್ರಾಂ., ಸಕ್ಕರೆ ಸುಮಾರು 45ರಿಂದ 80 ಮಿ.ಗ್ರಾಂ. ನೀರು ಮಬ್ಬಾಗಿ, ನ್ಯೂಟ್ರೋಫಿಲ್ ಕಣಗಳು ನೂರಾರು, ಸಾವಿರಾರು ಇದ್ದು, ಸಕ್ಕರೆ ಇಳಿದಿದ್ದರೆ ಬ್ಯಾಕ್ಟೀರಿಯಾದ ಮಿದುಳು ಜ್ವರದ ಶಂಕೆ. ಲಿಂಫೋಸೈಟ್ ಹೆಚ್ಚಿದ್ದು ಸಕ್ಕರೆ ಸರಿಯಾಗಿದ್ದರೆ ಸಾಮಾನ್ಯವಾಗಿ ವೈರಸ್. ಲಿಂಫೋಸೈಟ್ ಮತ್ತು ಪ್ರೋಟೀನು ಏರಿ, ಸಕ್ಕರೆ ಇಳಿದಿದ್ದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ಕ್ಷಯ.

ವ್ಯಾಪಾರಸ್ಥರಾದ ನಮಗೆ ಒಂದು ಮಾತು ಬೇಗ ಅರ್ಥವಾಗುತ್ತದೆ: ಬರೀ ಜಮೆ ನೋಡಿ ಲಾಭ ಹೇಳಲಾಗದು, ಖರ್ಚನ್ನೂ ನೋಡಬೇಕು. ಬೆನ್ನಿನ ನೀರಿನ ಸಕ್ಕರೆಯೂ ಹಾಗೆಯೇ. ಅದು ಸಾಮಾನ್ಯವಾಗಿ ರಕ್ತದ ಸಕ್ಕರೆಯ ಅರ್ಧಕ್ಕಿಂತ ಹೆಚ್ಚಿರಬೇಕು. ಮಧುಮೇಹವಿರುವ ಹಿರಿಯರೊಬ್ಬರ ವರದಿಯಲ್ಲಿ 60 ಎಂದಿದೆ ಎನ್ನೋಣ. ಕಾಗದದಲ್ಲಿ ಅದು ಸರಿಯಾದ ಅಂಕಿಯೇ. ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆ 300 ಇದ್ದರೆ? ಐದನೇ ಒಂದು ಪಾಲು ಮಾತ್ರ. ಇದು ಅಪಾಯದ ಸೂಚನೆ. ಆದ್ದರಿಂದ ನೀರು ತೆಗೆಯುವ ಹೊತ್ತಿಗೇ ರಕ್ತದ ಸಕ್ಕರೆಯನ್ನೂ ನೋಡಿದ್ದಾರೆಯೇ ಎಂದು ವಿನಯದಿಂದ ಕೇಳಿರಿ.

ಕ್ಷಯದ ಶಂಕೆಯಿದ್ದರೆ ಸಿಬಿನ್ಯಾಟ್ ಪರೀಕ್ಷೆ ಮಾಡುತ್ತಾರೆ. ಸರಕಾರಿ ಕ್ಷಯ ಕಾರ್ಯಕ್ರಮದಲ್ಲಿ ಇದು ಉಚಿತ. ಉತ್ತರ 'ಇಲ್ಲ' ಎಂದು ಬಂದರೂ ಮಿದುಳಿನ ಕ್ಷಯ ಇಲ್ಲವೆಂದು ಖಚಿತವಾಗದು, ಏಕೆಂದರೆ ಆ ನೀರಿನಲ್ಲಿ ರೋಗಾಣುಗಳು ಬಹಳ ಕಡಿಮೆ ಇರುತ್ತವೆ. ಕಲ್ಚರ್ ವರದಿಗೆ ವಾರಗಳೇ ಬೇಕು. ಅಷ್ಟರವರೆಗೆ ಕಾದರೆ ದೃಷ್ಟಿ, ಬುದ್ಧಿ, ಪ್ರಾಣಕ್ಕೇ ಸಂಚಕಾರ. ಅದಕ್ಕೇ ವೈದ್ಯರು ರೋಗಿಯ ಸ್ಥಿತಿ ನೋಡಿ ಔಷಧ ಆರಂಭಿಸುತ್ತಾರೆ. 'ವರದಿಯಲ್ಲಿ ಇಲ್ಲವಲ್ಲ, ಏಕೆ ಮಾತ್ರೆ?' ಎಂದು ವಾದಿಸುವುದು ಸಲ್ಲದು.

ಮಿದುಳಿನ ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ 9ರಿಂದ 12 ತಿಂಗಳು ನಡೆಯುತ್ತದೆ. ಜ್ವರ ಇಳಿಯಿತೆಂದೋ, ಚಾತುರ್ಮಾಸದ ಉಪವಾಸವೆಂದೋ ಮಾತ್ರೆ ಬಿಡಬಾರದು. ವ್ರತದ ವಿಷಯ ವೈದ್ಯರಿಗೆ ಮೊದಲೇ ತಿಳಿಸಿದರೆ ಹೊತ್ತು ಹೊಂದಿಸಿಕೊಡುತ್ತಾರೆ. ಎಲ್ಲ ವರದಿಗಳನ್ನೂ ತಾರೀಖಿನಂತೆ ಒಂದೇ ಕಡತದಲ್ಲಿ ಜೋಡಿಸಿಡಿ. ಊರು ಬದಲಿಸಿ ಬೇರೆ ವೈದ್ಯರಲ್ಲಿಗೆ ಹೋದಾಗ ಅದೇ ದೊಡ್ಡ ನೆರವು.