ಕೇಳಿ ಒಳಗೆ ಬನ್ನಿ

ಮನೆಯೊಳಗೆ ಯಾರು ಬರಬೇಕು, ಯಾರು ಜಗಲಿಯಲ್ಲೇ ನಿಂತು ಮಾತಾಡಿ ಹೋಗಬೇಕು ಎಂದು ತೀರ್ಮಾನಿಸುವುದರಲ್ಲಿ ನಾವು ಹೆಂಗಸರು ಎಂದೂ ಹಿಂದೆ ಬಿದ್ದವರಲ್ಲ. ಹಾಲಿನವನಿಗೆ ಎಲ್ಲಿಯವರೆಗೆ ಪ್ರವೇಶ, ಸೋಪು ಮಾರಲು ಬಂದವರಿಗೆ ಎಲ್ಲಿಯವರೆಗೆ ಎಂಬ ಲೆಕ್ಕ ನಮಗೆ ಬಾಯಿಪಾಠ. ಅದೇ ಮನೆಯ ಮೇಜಿನ ಮೇಲಿರುವ ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ ಈ ಅಧಿಕಾರವನ್ನು ಸುಮ್ಮನೆ ಬಿಟ್ಟುಕೊಡುತ್ತೇವೆ. ಪಾಸ್‌ವರ್ಡ್ ಒತ್ತುವುದೇ ತಡ, ನಾವು ಕರೆಯದ ನಾಲ್ಕಾರು ತಂತ್ರಾಂಶಗಳು ಒಳಗೆ ಎದ್ದು ಕೂತಿರುತ್ತವೆ. ಒಂದು ಹರಟೆಗೆ ಕರೆಯುತ್ತದೆ, ಇನ್ನೊಂದು ನಮ್ಮ ಫೋಟೋಗಳನ್ನು ದೂರದ ಸರ್ವರಿಗೆ ಸಾಗಿಸಲು ಹೊರಡುತ್ತದೆ. ಮಗಳ ಪಾಠದ ಪುಟ ತೆರೆಯಲು ಮಾತ್ರ ಕಾಯಬೇಕು.

ದುಡ್ಡು ಕೊಟ್ಟು ಕೊಂಡ ತಂತ್ರಾಂಶಗಳ ಹಣೆಬರಹವೇ ಇಷ್ಟು ಎಂದು ಸುಮ್ಮನಾಗಬಹುದಿತ್ತು. ಆದರೆ ನಾನು ಹೇಳುತ್ತಿರುವುದು ಲಿನಕ್ಸ್ ಬಗ್ಗೆ. ಫಿನ್ಲೆಂಡಿನಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಹೆಮ್ಮೆಯೇ, ಯಾರು ಬೇಕಾದರೂ ಒಳಗಿನದನ್ನು ಓದಬಹುದು, ತಿದ್ದಬಹುದು ಎಂಬುದು. ಹಳೆಯ ಕಂಪ್ಯೂಟರು ಇನ್ನೂ ನಾಲ್ಕು ವರ್ಷ ಬಾಳಲಿ ಎಂದು ಇದನ್ನು ಹಾಕಿಸಿಕೊಂಡ ಮನೆಗಳಲ್ಲಿ ನಮ್ಮದೂ ಒಂದು. ನಿಧಾನವಾಗಿದೆ ಎಂದು ರಿಪೇರಿ ಅಂಗಡಿಗೆ ಒಯ್ದರೆ, ‘ಹೊಸದು ತಗೊಳ್ಳಿ ಮೇಡಂ’ ಎಂಬ ಉತ್ತರ. ಯಾವುದರಿಂದ ನಿಧಾನವಾಗಿದೆ ಎಂದು ಕೇಳಿದರೆ, ‘ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ.’

ಗೊತ್ತಾಗದೇನು? ದಿನಸಿ ಚೀಟಿ ಓದಬಲ್ಲವಳು ಇದನ್ನೂ ಓದಬಲ್ಲಳು. ನಮ್ಮ ಹೆಸರಿನ ಫೋಲ್ಡರಿನಲ್ಲಿ ಡಾಟ್ ಕಾನ್ಫಿಗ್ ಎಂಬ ಮರೆಯ ಫೋಲ್ಡರು ಇರುತ್ತದೆ. ಅದರೊಳಗೆ ಆಟೋಸ್ಟಾರ್ಟ್ ಎಂಬ ಇನ್ನೊಂದು. ಲಾಗಿನ್ ಆದ ಕೂಡಲೇ ಏಳಬೇಕಾದವರ ಹೆಸರು ಅಲ್ಲಿ ಒಂದೊಂದು ಪುಟ್ಟ ಫೈಲಾಗಿ ಕೂತಿರುತ್ತದೆ. ‘ನೇಮ್’ ಎಂಬ ಸಾಲಿನಲ್ಲಿ ತಂತ್ರಾಂಶದ ಹೆಸರು, ‘ಎಕ್ಸೆಕ್’ ಎಂಬ ಸಾಲಿನಲ್ಲಿ ಕೊಡಬೇಕಾದ ಆಜ್ಞೆ. ಕಂಪ್ಯೂಟರು ಬಳಸುವ ಎಲ್ಲರಿಗೂ ಅನ್ವಯಿಸುವ ಫೈಲುಗಳು ಇಟಿಸಿ ಫೋಲ್ಡರಿನ ಎಕ್ಸ್‌ಡಿಜಿ ವಿಭಾಗದಲ್ಲಿರುತ್ತವೆ. ಅಲ್ಲಿರುವ ಫೈಲಿನ ಹೆಸರಿನದೇ ಇನ್ನೊಂದನ್ನು ನಮ್ಮ ಫೋಲ್ಡರಿನಲ್ಲಿಟ್ಟರೆ ನಮ್ಮದೇ ಗೆಲ್ಲುತ್ತದೆ. ಅದರಲ್ಲಿ ‘ಹಿಡನ್’ ಎಂಬುದರ ಮುಂದೆ ‘ಟ್ರೂ’ ಎಂದು ಬರೆದರೆ ಆ ತಂತ್ರಾಂಶ ಇಲ್ಲವೇ ಇಲ್ಲ ಎಂದು ಲೆಕ್ಕ. ಗ್ನೋಮ್, ಕೆಡಿಇ ಎರಡೂ ಪಾಲಿಸುವ ಫ್ರೀಡೆಸ್ಕ್‌ಟಾಪ್ ನಿಯಮವಿದು. ಅಂದರೆ ಕಾನೂನು ನಮ್ಮ ಪರವಾಗಿಯೇ ಇದೆ.

ಇಷ್ಟಿದ್ದೂ ಪಟ್ಟಿಯನ್ನು ನಮ್ಮಿಂದ ಬಚ್ಚಿಡುವುದೇಕೆ? 2022ರಲ್ಲಿ ಬಂದ ಉಬುಂಟು 22.04ರ ‘ಸ್ಟಾರ್ಟಪ್ ಅಪ್ಲಿಕೇಶನ್ಸ್’ ತೆರೆದರೆ ಕಾಣುವುದು ಕೆಲವೇ ಹೆಸರು. ‘ನೋ ಡಿಸ್‌ಪ್ಲೇ’ ಎಂಬ ಗುರುತು ಅಂಟಿಸಿಕೊಂಡ ಫೈಲುಗಳು ಅಲ್ಲಿ ಮುಖವನ್ನೇ ತೋರಿಸುವುದಿಲ್ಲ, ಕೆಲಸ ಮಾತ್ರ ನಡೆಸುತ್ತವೆ. ‘ಗೊತ್ತಿಲ್ಲದವರು ಏನಾದರೂ ಆರಿಸಿಬಿಟ್ಟರೆ?’ ಎಂಬುದು ಸಮಜಾಯಿಷಿ. ಕುದಿಯುವ ಎಣ್ಣೆಯನ್ನೂ ಕುಕ್ಕರನ್ನೂ ದಿನವಿಡೀ ನಿಭಾಯಿಸುವವಳಿಗೆ ಒಂದು ಪಟ್ಟಿ ನೋಡಲು ಯೋಗ್ಯತೆ ಇಲ್ಲವೇ? ಅಗತ್ಯವಾದದ್ದಕ್ಕೆ ‘ಇದು ಬೇಕು, ಇಂಥ ಕಾರಣಕ್ಕೆ’ ಎಂದು ಪಕ್ಕದಲ್ಲಿ ಬರೆಯಿರಿ. ಆರಿಸಿದ್ದನ್ನು ಮತ್ತೆ ಹಚ್ಚುವುದೂ ಒಂದೇ ಪದದ ಕೆಲಸವಲ್ಲವೇ?

ತಾನಾಗಿ ಏಳುವುದೆಲ್ಲ ಕೆಟ್ಟದ್ದೆಂದು ನನ್ನ ವಾದವಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಆರ್ಕಾ ಎಲ್ಲಕ್ಕಿಂತ ಮೊದಲೇ ಎದ್ದಿರಬೇಕು. ಇಲ್ಲದಿದ್ದರೆ ಅವರಿಗೆ ಆ ಯಂತ್ರ ಬರೀ ಪೆಟ್ಟಿಗೆ. ಕನ್ನಡದಲ್ಲಿ ಬರೆಯುವವರಿಗೆ ಐಬಸ್ ಸಿದ್ಧವಾಗಿದ್ದರೆ ಅನುಕೂಲವೇ. ಇವರೆಲ್ಲ ನಾವು ಬಯಸಿ ಕರೆದವರು. ನನ್ನ ಜಗಳ ಹೇಳದೆ ಕೇಳದೆ ಹೆಸರು ಬರೆಸಿಕೊಂಡವರ ಜೊತೆ.

ಕೆಡಿಇಯ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಆಟೋಸ್ಟಾರ್ಟ್’ ಎಂಬ ಪುಟವಿದೆ; ಅಲ್ಲಿ ಬೇಕಾದದ್ದನ್ನು ಸೇರಿಸಬಹುದು, ಬೇಡದ್ದನ್ನು ತೆಗೆಯಬಹುದು. ಲಿನಕ್ಸ್ ಮಿಂಟ್‌ನಲ್ಲಿ ಪ್ರತಿ ಹೆಸರಿನ ಮುಂದೆ ಸ್ವಿಚ್ಚಿದೆ, ‘ಇಷ್ಟು ಸೆಕೆಂಡು ತಡೆದು ಬಾ’ ಎನ್ನಲೂ ದಾರಿಯಿದೆ. ಸಿಸ್ಟಮ್‌ಡಿಯ ಮೂಲಕ ಏಳುವ ಕೆಲವು ಕೆಲಸಗಳು ಈ ಪಟ್ಟಿಗಳಲ್ಲಿ ಬರುವುದಿಲ್ಲ, ನಿಜ. ಅದಕ್ಕಾಗಿಯೇ ತಂತ್ರಾಂಶ ಬರೆಯುವವರಲ್ಲಿ ನನ್ನ ಬೇಡಿಕೆ ಇದು: ‘ಪ್ರತಿ ಸಲ ನಾನಾಗಿಯೇ ಶುರುವಾಗಲೇ?’ ಎಂದು ಮೊದಲ ದಿನವೇ ಕನ್ನಡದಲ್ಲಿ ಕೇಳಿ. ನಾವು ಹೂಂ ಎನ್ನದಿದ್ದರೆ ಬೇಡವೆಂದೇ ತಿಳಿಯಿರಿ. ಅಕ್ಕತಂಗಿಯರಲ್ಲಿ ಇಷ್ಟೇ: ಗಂಡನಿಗೋ ಮಗನಿಗೋ ಬಿಡುವಾಗಲಿ ಎಂದು ಕಾಯಬೇಡಿ. ಇವತ್ತೇ ಆ ಪಟ್ಟಿ ತೆರೆದು, ಒಂದೊಂದೇ ಹೆಸರು ಓದಿ. ಹೊಸ ಕಂಪ್ಯೂಟರಿಗೆ ದುಡ್ಡು ಎಣಿಸುವ ಮಾತು ಆಮೇಲೆ.