ನಿಂತು ದುಡಿಯುವವರ ಕಾಲು
ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವವರೂ ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವವರೂ ದಿನವಿಡೀ ನಿಂತೇ ದುಡಿಯುವರು. ಪಾಠ ಹೇಳುವ ನಾವೂ ಅಷ್ಟೆ! ನಿಶ್ಚಲವಾಗಿ ನಿಂತಾಗ, ಮೇಲಿನ ರಕ್ತಸ್ತಂಭದ ಭಾರದಿಂದ ಕಾಲಹರಡಿನ ಅಭಿಧಮನಿಯಲ್ಲಿ ಒತ್ತಡವು ಪಾದರಸದ ಸುಮಾರು 90 ಮಿಲಿಮೀಟರಿನಷ್ಟಾಗುತ್ತದೆ. ನಡೆದಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲೆತ್ತುತ್ತವೆ. ನಾಳದ ಕವಾಟಗಳು ಅದನ್ನು ಮರಳಿ ಇಳಿಯಗೊಡವು. ಕವಾಟ ಕೆಟ್ಟರೆ ನಾಳವು ಉಬ್ಬಿ ಸುರುಳಿಗೊಳ್ಳುತ್ತದೆ. ಮುಂದೆ ಹುಣ್ಣೂ ಆಗಬಹುದು. ಹಿಂದೆ ಇಂಥ ನಾಳವನ್ನು ಕೊಯ್ದು ಎಳೆದು ತೆಗೆಯುತ್ತಿದ್ದರು. ಇಂದು ಸೂಜಿರಂಧ್ರದಿಂದ ತೂರಿಸಿದ ಲೇಸರ್ ತಂತುವು ಅದನ್ನು ಒಳಗಿನಿಂದಲೇ ಕಾಯಿಸಿ ಮುಚ್ಚುತ್ತದೆ. ರೋಗಿ ಸಾಮಾನ್ಯವಾಗಿ ಅಂದೇ ನಡೆದು ಮನೆ ಸೇರಬಹುದು. ಆದರೆ ಯಾವ ಕವಾಟ ಸೋರುತ್ತಿದೆಯೆಂಬುದನ್ನು ಮೊದಲು ಡಾಪ್ಲರ್ ಪರೀಕ್ಷೆ ತೋರಿಸಬೇಕು. ಲೇಸರ್ ಬಳ್ಳಾರಿಯಲ್ಲಿದ್ದರೆ ಸಾಕು. ಡಾಪ್ಲರ್ ಪರೀಕ್ಷೆ ಮಾತ್ರ ಸಿರುಗುಪ್ಪ, ಕುರುಗೋಡಿನ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ನಡೆಯಬೇಕೆಂಬುದು ನಮ್ಮ ವಾದ. ಒಂದು ದಿನದ ಕೂಲಿ ಬಿಟ್ಟು ನಗರಕ್ಕೆ ಹೋಗಬೇಕಾದವಳು ಹುಣ್ಣಾಗುವವರೆಗೆ ಹೊರಡುವುದಿಲ್ಲ.